ಕುಳಿತು ಕೊಟ್ಟ ಅಳತೆ

"ಹೆಣಕ್ಕ ಕೋಟು ಹಾಕಿದ್ರ ನಾ ಮಣ್ಣಿಗೆ ಬರೂದಿಲ್ಲ, ಹೇಳಿ ಬಿಟ್ಟೇನಿ! ಲಿಂಗಾ ಕಟ್ಟಿದ ಎದಿ ಅದು, ಸಿನೇಮಾದಾವರ ಎದಿ ಅಲ್ಲ!" ದೇವಲಪ್ಪ ಚೀರಿದ ರಭಸಕ್ಕೆ ಭಜನೆಯವರು ತಾಳ ನಿಲ್ಲಿಸಿ ಒಳಗೆ ಇಣುಕಿದರು.

"ಬರಬ್ಯಾಡ ಹೋಗ ದೊಡ್ಡಪ್ಪ!" ಕಾಂಚನಾಳೂ ಬಿಡಲಿಲ್ಲ. "ಅಪ್ಪ ಬದುಕಿದ್ದಾಗ ಈ ಮನಿ ಹೊಸ್ತಿಲಾ ತುಳಿದೀಯೇನ? ಈಗ ಧೋತರ ಹಿಡಕೊಂಡ ಓಡಿ ಬಂದಿ."

"ಬಾಯಿ ನೋಡ್ರಿ ಇದರದ್ದು! ಮುಂದಿನ ತಿಂಗಳ ಗಂಡನ ಮನಿಗೆ ಹೋಗೂ ಹುಡುಗಿ!"

"ಅದಕ್ಕ ಹೊಲಿಸ್ಯಾನ. ನನ್ನ ಮದುವ್ಯಾಗ ಹಾಕೊಳ್ಳಾಕ. ನೋಡೂ ನಸೀಬ ನನಗ ಇರಲಿಲ್ಲ. ಇವತ್ತರ ಹಾಕ್ರಿ, ಒಮ್ಮೆ ನೋಡತೇನಿ."

"ಮದುವಿ ಅರಿವಿ ಹೆಣಕ್ಕ ಹಾಕತಾರೇನ? ಬುದ್ಧಿ ಐತಿಲ್ಲ ನಿನಗ?"

ಇಬ್ಬರ ನಡುವೆ ನೀಲವ್ವ ಕುಳಿತಿದ್ದಳು. ಅವಳ ಗಂಡ ಶಿವಲಿಂಗಪ್ಪ ಗೋಡೆಗೆ ಆನಿಸಿದ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಜಗಳ ತನ್ನದಲ್ಲ ಎಂಬಂತೆ ಕುಳಿತಿದ್ದ. ನಿನ್ನೆ ಸಂಜೆ ಚಹಾ ಕುಡಿದವನು ಬಟ್ಟಲು ಕೆಳಗಿಡುವ ಮೊದಲೇ ಹೋಗಿಬಿಟ್ಟಿದ್ದ. ಅವರ ಪೈಕಿ ಹೆಣವನ್ನು ಮಲಗಿಸುವುದಿಲ್ಲ. ಕೂರಿಸಿಯೇ ಒಯ್ದು, ಕೂರಿಸಿಯೇ ಮಣ್ಣು ಮಾಡುತ್ತಾರೆ. ಝುವಾರಿನಗರಕ್ಕೆ ದುಡಿಯಲು ಬಂದರೂ ಆ ಪದ್ಧತಿ ಬಿಟ್ಟಿರಲಿಲ್ಲ.

ಅವಳ ಒಂದು ಬದಿಗೆ ಭಾವ ದೇವಲಪ್ಪ ಊರಿಂದ ತಂದ ಬಿಳಿ ಧೋತರ. ಇನ್ನೊಂದು ಬದಿಗೆ ಪ್ಲಾಸ್ಟಿಕ್ ಚೀಲದೊಳಗೆ ಕಡುನೀಲಿ ಸೂಟು. ಅದನ್ನು ತಂದ ಮಡಗಾಂವದ ಟೇಲರ್ ಆಗ್ನೆಲ್ ಬಾಗಿಲಲ್ಲಿ ಪೆದ್ದನಂತೆ ನಿಂತಿದ್ದ. ಫೋನು ಎತ್ತಲಿಲ್ಲವೆಂದು ತಾನೇ ಬಸ್ಸು ಹತ್ತಿ ಕೊಡಲು ಬಂದಿದ್ದ. ಗಿರಾಕಿ ಸತ್ತದ್ದು ಅವನಿಗೆ ಗೊತ್ತಾದದ್ದು ಓಣಿಯ ಬಾಯಲ್ಲಿ.

ನೀಲವ್ವನಿಗೆ ಏನೂ ತಿಳಿಯದು. ಈ ಮನುಷ್ಯ ಜನ್ಮದಲ್ಲಿ ಮೈಗೆ ಅಳತೆ ಕೊಟ್ಟವನಲ್ಲ. ಶುಕ್ರವಾರದ ಸಂತೆಯ ಅಂಗಿ ಉದ್ದವಾದರೆ ಮಡಿಸುವುದು, ಗಿಡ್ಡವಾದರೆ ತಾನೇ ಸ್ವಲ್ಪ ಬಗ್ಗಿ ನಡೆಯುವುದು. ಅಂಥವನು ಹೆಂಡತಿಗೆ ಒಂದು ಮಾತು ಹೇಳದೆ ಸೂಟು ಹೊಲಿಸಿದ್ದಾನೆ. ಮಗಳ ಮದುವೆಗಾದರೆ ಮುಚ್ಚಿಡುವುದೇಕೆ? ಮದುವೆಗಲ್ಲವಾದರೆ? ತಿಂಗಳಿಂದ ಎದೆ ತಿಕ್ಕಿಕೊಳ್ಳುತ್ತಿದ್ದ. ಕೇಳಿದರೆ "ಗ್ಯಾಸ್ ಆಗೇತಿ" ಅನ್ನುತ್ತಿದ್ದ. ಸಾಯುತ್ತೇನೆಂದು ಗೊತ್ತಿತ್ತೇ? ಗೊತ್ತಿದ್ದೂ ತನಗೊಬ್ಬಳಿಗೆ ಹೇಳಲಿಲ್ಲವೇ?

ಧೋತರವೋ ಸೂಟೋ, ಅದು ಆಮೇಲಿನ ಮಾತು. ಅವಳಿಗೆ ಇದಕ್ಕೆ ಮೊದಲು ಉತ್ತರ ಬೇಕಿತ್ತು.

*

ಶಿವಲಿಂಗಪ್ಪ ವಾರವೆಲ್ಲ ಗೋದಾಮಿನಲ್ಲಿ ಚೀಲ ಹೊರುತ್ತಿದ್ದ. ಕರೆ ಬಂದ ದಿನ ಕ್ರೈಸ್ತರ ಇಗರ್ಜಿಯ ಹಿಂದಿನ ಸ್ಮಶಾನದಲ್ಲಿ ಕುಣಿ ತೋಡುತ್ತಿದ್ದ. ಮಳೆ ಬಿಟ್ಟ ಮೇಲೆ ಒಂದು ದಿನ ಹಾಗೆ ತೋಡಿ ಬಂದವನು ಊಟಕ್ಕೆ ಕುಳಿತು ರೊಟ್ಟಿ ಮುರಿಯಲೇ ಇಲ್ಲ.

"ಏನಾತು?"

"ಇವತ್ತ ದಿಯೋಗನ್ನ ಮಣ್ಣ ಮಾಡಿದ್ವಿ. ಕಳ್ಳು ಇಳಸ್ತಿದ್ನಲ್ಲ, ಅವ. ಜನ್ಮಾ ಪೂರ್ತಿ ಒಂದ ಚಡ್ಡಿ ಮ್ಯಾಲ ತೆಂಗಿನ ಮರಾ ಏರಿದಾವ. ಇವತ್ತ ಸೂಟ್ ಹಾಕ್ಕೊಂಡ, ಬೂಟ್ ಹಾಕ್ಕೊಂಡ ಮಲಗಿದ್ದ. ನನಗ ಗುರ್ತ ಸಿಗಲಿಲ್ಲ."

"ಅವರ ಪದ್ಧತಿ ಅದು."

"ಮಣ್ಣ ಹಾಕಾಕ ಕೈ ಏಳಲಿಲ್ಲ ನೀಲಿ."

"ಸತ್ತಮ್ಯಾಲ ಯಾರ ನೋಡತಾರ, ಉಣ್ಣ ಸುಮ್ನ," ಎಂದಳು ಅವಳು, ಪಲ್ಯ ಬಡಿಸುತ್ತ.

"ಮಣ್ಣ ಹಾಕಾವ ನೋಡತಾನಲ್ಲ," ಎಂದು ಅವನು ರೊಟ್ಟಿ ಮುರಿದ.

*

"ಆಗ್ನೆಲ್‌ ಬಾಬ್," ನೀಲವ್ವ ಬೆಳಗಿನಿಂದ ಮೊದಲ ಸಲ ಬಾಯಿ ತೆರೆದಳು. "ಇವರು ಏನಂತ ಹೇಳಿ ಹೊಲಿಸಿದ್ರು?"

ಟೇಲರು ಟೊಪ್ಪಿಗೆ ಹಿಂಡಿದ. ಕನ್ನಡದ ಗಿರಾಕಿಗಳಿಂದ ಅರ್ಧಮರ್ಧ ಭಾಷೆ ಕಲಿತಿದ್ದ. "ಏನ್ ಬೋಲಾ ಇಲ್ಲ ಬಾಯಿ. ಶಾದಿ ಇದೆಯಾ ಅಂತ ಕೇಳಿದೆ, ನಕ್ಕರು. ಯಾವಾಗ ಬೇಕು ಅಂದೆ. ಅವಸರ ಇಲ್ಲ, ಖರೇ ತಡಾ ಮಾಡಬೇಡ ಅಂದರು. ಅರೇ, ಇದು ಏನ್ ಬಾತ್?"

"ಮತ್ತ?"

"ಅಳತಿ. ಸೂಟಿಗೆ ಎಲ್ಲಾ ಜನ ನಿಂತು ಅಳತಿ ಕೊಡ್ತಾರೆ. ಇವರು ನನ್ನ ದುಕಾನ್‌ದಾಗ ನೆಲಕ್ಕೆ ಕುಂತರು. ಹಿಂಗೇ, ಕಾಲು ಮಡಚಿ. ಹಿಂಗ ತಗೋ ಅಂದರು. ಹಾರ್ಮೋನಿಯಂ ಬಾರಿಸ್ತೀರಾ ಅಂತ ನಾನು ಜೋಕ್ ಮಾಡಿದೆ."

ಕಾಂಚನಾ ಅವಸರದಿಂದ, "ಶಾಸ್ತ್ರಕ್ಕ ಹಂದರದಾಗ ಕುಂದರಬೇಕಲ್ಲ, ಅದಕ್ಕ," ಎಂದಳು.

"ಹೌದ, ಅದಕ್ಕ," ಎಂದ ದೇವಲಪ್ಪ. ಆ ಮುಂಜಾನೆ ಇಬ್ಬರ ಮಾತು ಕೂಡಿದ್ದು ಅದೊಂದೇ ಸಲ. ನೀಲವ್ವನಿಗೆ ಅದೇ ಭಯ ಹುಟ್ಟಿಸಿತು.

"ಹಾಕ್ಕೊಂಡ ನೋಡಿದ್ರೇನು?"

"ಟ್ರಯಲ್‌ಗೆ ಬಂದಿದ್ದರಲ್ಲ. ಹಾಕಿದರು. ಆರಸೀ, ಕನ್ನಡಿ ಮುಂದೆ ನಿಲ್ಲಿ ಅಂದೆ. ನಿಲ್ಲಲಿಲ್ಲ, ಮತ್ತ ನೆಲಕ್ಕೆ ಕುಂತರು. ಕುಂತು..." ಆಗ್ನೆಲ್ ಮಣೆಯ ಮೇಲಿದ್ದವನನ್ನು ನೋಡಿ ತಡವರಿಸಿದ. "ಕಣ್ಣು ಮುಚ್ಚಿದರು ಬಾಯಿ. ಎಡಗೈ ಹಿಂಗ ಎದಿ ಮುಂದೆ ಹಿಡಿದು. ಕಣ್ಣು ತೆರೀರಿ, ನೋಡ್ರಿ, ಎಷ್ಟು ಚಲೋ ಕಾಣತೀರಿ ಅಂದೆ. ಚುಪ್ ಅಂದರು. ಭಾಳ ಹೊತ್ತು ಹಂಗೇ ಇದ್ದರು."

ದೇವಲಪ್ಪ ಧೋತರವನ್ನು ಕಂಕುಳಲ್ಲಿ ಅವುಚಿಕೊಂಡ. ಕಾಂಚನಾ ತಾಯಿಯ ಮುಖ ನೋಡಿದಳು. ಮಣೆಯ ಮೇಲಿದ್ದವನ ಎಡಗೈಯನ್ನು ರಾತ್ರಿಯೇ ಎದೆಯ ಮುಂದೆ ಕಟ್ಟಿ, ಅಂಗೈಯಲ್ಲಿ ಲಿಂಗ ಇಟ್ಟಿದ್ದರು.

"ಹಾಕ್ರಿ ಅದನ್ನ," ಎಂದಳು ನೀಲವ್ವ.

"ನೀಲವ್ವಾ..." ದೇವಲಪ್ಪ ತಡೆಯಲು ನೋಡಿದ.

"ಹಾಕ್ರಿ ಅಂದೆನಲ್ಲ! ಅಳತಿ ಕೊಟ್ಟಾನ, ಕುಂತ ನೋಡ್ಯಾನ, ಟೇಲರನ ಮುಂದ ಸತ್ತ ತೋರ್ಸ್ಯಾನ! ಇನ್ನ ನನ್ನನ್ನೇನ ಕೇಳತೀರಿ?" ಎದ್ದು, ಸೆರಗು ಬಿಗಿದು, ಗಂಡನ ಕಡೆ ತಿರುಗಿಯೂ ನೋಡದೆ, ಟೇಲರನನ್ನು ಸರಿಸಿ ಬಾಗಿಲು ದಾಟಿದಳು.

ಮೊದಲು ಕಾಂಚನಾ ಕೂಗಿದಳು. ಆಮೇಲೆ ದೇವಲಪ್ಪ, "ಹಿಡೀರಿ ಆಕೀನ, ತಲಿ ಕೆಟ್ಟೈತಿ," ಎಂದ. ಬಚ್ಚಲಿನ ಕಡೆ ಹೋಗಿರಬೇಕೆಂದು ಹೆಂಗಸರು ಸುಮ್ಮನಾದರು.

ನೀಲವ್ವ ದಿನ್ನೆ ಇಳಿದು ರಸ್ತೆಯ ಬದಿಯ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಳಿತಳು. ಎಷ್ಟು ಹೊತ್ತಾಯಿತೋ. ಒಂದು ಬಸ್ಸು ಬಂತು, ಹತ್ತಿದಳು. ಮಾರು ದೂರ ಹೋಗಿಲ್ಲ, ಬಸ್ಸು ನಿಂತಿತು. ಎದುರಿಗೆ ತಾಳ, ಭಜನೆ, ಗುಲಾಲು. ಜನರ ತಲೆಗಳ ಮೇಲೆ ಬಿದಿರಿನ ಕುರ್ಚಿಯಲ್ಲಿ ಕಡುನೀಲಿ ಸೂಟಿನ ಗಂಡಸು ನೆಟ್ಟಗೆ ಕುಳಿತು ಬರುತ್ತಿದ್ದ. ಹೆಗಲು ಎಲ್ಲಿಯೂ ಸುಕ್ಕಾಗಿರಲಿಲ್ಲ. ತೋಳು ಮಣಿಕಟ್ಟಿಗೆ ಸರಿಯಾಗಿ ಬಂದು ನಿಂತಿತ್ತು.

ಪಕ್ಕದ ಮೀನಿನ ಬುಟ್ಟಿಯ ಹೆಂಗಸು ಶಿಲುಬೆ ಸನ್ನೆ ಮಾಡಿ, ಕತ್ತು ಚಾಚಿ, "ಕೋಣ್ ಗೋ ತೋ? ಯಾರವ?" ಎಂದಳು.

ಟೇಲರನಿಗೆ ತೋರಿಸಿ ತನಗೆ ಮುಚ್ಚಿಟ್ಟವನನ್ನು ನೀಲವ್ವ ಅಡಿಯಿಂದ ಮುಡಿಯವರೆಗೆ ನೋಡಿದಳು.

"ನನಗ ಗೊತ್ತಿಲ್ಲವಾ," ಎಂದಳು. ದಾರಿ ಬಿಡುತ್ತಲೇ ಬಸ್ಸು ಮಡಗಾಂವದ ಕಡೆ ಹೊರಟಿತು.