ಪೆನ್ಸಿಲ್ ಆಡಿಸಿದ ಕೆನ್ನೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಊರಿಗೆಲ್ಲ ಗೊತ್ತಿರೋ ವಿಷಯ, ಅದನ್ನ ಮುಚ್ಚಿಡೋದೇನಿಲ್ಲ. ಮುಚ್ಚಿಟ್ಟದ್ದು ಬೇರೆ ಒಂದಿದೆ. ಇಪ್ಪತ್ತಾರು ವರ್ಷ ಆಯಿತು. ಇವತ್ತು ಹೇಳಿಬಿಡ್ತೀನಿ, ನಡುವೆ ಬಾಯಿ ಹಾಕಬೇಡಿ.

ಈ ಸ್ಟುಡಿಯೋ ಅಪ್ಪನಿಂದ ಬಂದದ್ದು. ಮುಂದೆ ಒಂದು ಬೆಂಚು, ಕನ್ನಡಿ, ಬಾಚಣಿಗೆ. ಪರದೆ ಹಿಂದೆ ಕ್ಯಾಮೆರಾ. ಅದರ ಹಿಂದೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲದ ಡಾರ್ಕ್ ರೂಮು. ಆಗೆಲ್ಲ ಫಿಲ್ಮಿನ ಕಾಲ, ಮೊಬೈಲು ಗಿಬೈಲು ಯಾರಿಗೆ ಗೊತ್ತಿತ್ತು? ಅಪ್ಪ ನನಗೆ ಕಲಿಸಿದ ದೊಡ್ಡ ವಿದ್ಯೆ ಅಂದರೆ ಟಚಿಂಗ್. ನೆಗೆಟಿವನ್ನ ಬೆಳಕಿನ ಗಾಜಿನ ಮೇಲಿಟ್ಟು, ಭೂತಗನ್ನಡಿ ಹಿಡಿದು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲ್ ಆಡಿಸಿದರೆ ಮೊಡವೆ, ಕಲೆ, ಮಚ್ಚೆ ಎಲ್ಲ ಮಂಗಮಾಯ. "ಮುಖದಲ್ಲಿ ಕಲೆ ಉಳಿಸಿ ಗಿರಾಕೀನ ಕಳಿಸಬೇಡ ಮಗಳೇ, ಅದು ನಮ್ಮ ಮರ್ಯಾದೆ ಪ್ರಶ್ನೆ" ಅಂತಿದ್ದ ಅಪ್ಪ. ನಾನು ತೆಗೆದ ಫೋಟೋ ನೋಡಿ ಎಷ್ಟೋ ಮದುವೆ ಕುದುರಿವೆ. ಆಮೇಲೆ ಮುಖಾಮುಖಿ ನೋಡಿದ ಗಂಡುಗಳು ಏನಂದುಕೊಂಡರೋ, ಅದು ಅವರವರ ಹಣೆಬರಹ.

ಆ ವರ್ಷ ಯುದ್ಧ ಹೊಳೆ ದಡದ ಊರುಗಳನ್ನ ಸುಟ್ಟುಕೊಂಡು ಬಂತು. ಜನ ಉಟ್ಟ ಬಟ್ಟೆಯಲ್ಲಿ ಓಡಿದರು. ಆ ನೂಕುನುಗ್ಗಲಲ್ಲಿ ಮಕ್ಕಳು ಕೈತಪ್ಪಿದವು. ಲಾರಿ ಹತ್ತಿದ ಮಗು ಒಂದು ಕಡೆ, ಹತ್ತಲಾಗದ ತಾಯಿ ಇನ್ನೊಂದು ಕಡೆ. ಹಾಗೆ ಒಂಟಿಯಾಗಿ ಬಂದ ಮಕ್ಕಳೇ ನಮ್ಮೂರಲ್ಲಿ ನೂರರ ಮೇಲಿದ್ದವು.

ಆಗ ಬಂದರು ಹೊರದೇಶದವರು, ಬಿಳಿ ಗಾಡಿ ತಗೊಂಡು. ಮುಚ್ಚಿದ್ದ ಪೋಸ್ಟಾಫೀಸಿನಲ್ಲಿ ಮೇಜು ಹಾಕಿಕೊಂಡು ಕೂತರು. ಯುದ್ಧ ಯಾರದೇ ಇರಲಿ, ಮಕ್ಕಳನ್ನ ಕಾಯಬೇಕು, ಮನೆಯವರ ಕೈಗೆ ಸೇರಿಸಬೇಕು ಅಂತ ಎಷ್ಟೋ ದೇಶಗಳು ಸೇರಿ ಒಪ್ಪಂದ ಮಾಡಿಕೊಂಡಿವೆಯಂತೆ. ಅದನ್ನ ಮಾಡಿಸೋಕೆ ಬಂದ ದೊಡ್ಡ ಮೇಡಂ ಎತ್ತರದ ಹೆಂಗಸು, ಬಿಸಿಲಿಗೆ ಮೂಗು ಸುಲಿದುಕೊಂಡಿತ್ತು. ಅವರ ಮಾತನ್ನ ನಮ್ಮ ಭಾಷೆಗೆ ಹೇಳೋಕೆ ಒಬ್ಬ ದುಭಾಷಿ. ಮೇಡಂ ಹೇಳಿದ್ದನ್ನೆಲ್ಲ ಒಪ್ಪಿಸುತ್ತಿದ್ದ ಅವನಿಗೆ ನಾನೇ ಗಿಳಿರಾಯ ಅಂತ ಹೆಸರಿಟ್ಟೆ. ಪಾಪ, ಬೇಜಾರು ಮಾಡಿಕೊಳ್ಳಲಿಲ್ಲ. ಅವನೇ ನನ್ನನ್ನ ಫೋಟೋ ತೆಗೆಯೋಕೆ ಕರೆದುಕೊಂಡು ಹೋದದ್ದು.

ಮಕ್ಕಳನ್ನ ಊರ ಹೊರಗೆ ಹಳೇ ಹಾಸ್ಟೆಲ್ಲಿನಲ್ಲಿ ಇಟ್ಟಿದ್ದರು. ಹೊರಗಿನವರಿಗೆ ಪ್ರವೇಶ ಇಲ್ಲ. ಬಂದೂಕಿನವರು ಚಿಕ್ಕಪ್ಪ, ಸೋದರಮಾವ ಅಂತ ನಾಟಕ ಆಡಿ ಹುಡುಗರನ್ನ ಎಳೆದುಕೊಂಡು ಹೋಗಿದ್ದರು. ಹುಡುಗಿಯರನ್ನ ಮಾರೋ ದಲ್ಲಾಳಿಗಳೂ ಇದ್ದರು. ಅದಕ್ಕೇ ಕಟ್ಟುನಿಟ್ಟು. ಪೋಸ್ಟಾಫೀಸಿನಲ್ಲಿ ಹಾಕಿದ ಬೋರ್ಡಿನ ಮೇಲೆ ಬರೀ ಫೋಟೋ, ನಂಬರು. ಯಾರು ಬಂದರೂ ಮೊದಲು ಮಗುವಿನ ಗುರುತು ಹೇಳಬೇಕು. ಫೋಟೋಗೂ ಫೈಲಿಗೂ ತಾಳೆ ಆದರೆ ಮಾತ್ರ ಮಗು ಕಣ್ಣಿಗೆ ಕಾಣೋದು.

"ಇದ್ದ ಮುಖ ಇದ್ದ ಹಾಗೇ ಬರಬೇಕಂತೆ ಅತ್ತೆ. ಏನೂ ಬದಲಾಯಿಸಬಾರದಂತೆ" ಅಂದ ಗಿಳಿರಾಯ.

"ನಲವತ್ತು ವರ್ಷದ ಸ್ಟುಡಿಯೋ ಇದು, ನನಗೆ ಪಾಠ ಹೇಳಬೇಡ ಅಂತ ಹೇಳು ನಿನ್ನ ಮೇಡಂಗೆ" ಅಂದೆ. ಅದನ್ನ ಅವನು ಏನಂತ ತಿರುಗಿಸಿ ಹೇಳಿದನೋ, ಆಯಮ್ಮ ನಕ್ಕು ಕೈಕುಲುಕಿದರು.

ಮಕ್ಕಳು ಬಂದ ದಿನವೇ ಫೋಟೋ ತೆಗೆದೆ. ಮಸಿ, ತರಚಿದ ಗಾಯ, ಕಿಡಿ ಹಾರಿ ಸುಟ್ಟ ಕಲೆ. ನೆಗೆಟಿವ್ ತೊಳೆದು ಬೆಳಕಿಗೆ ಹಿಡಿದು ನೋಡಿದೆ. ಈ ಕೂಸುಗಳನ್ನ ಹೀಗೇ ಬೋರ್ಡಿಗೆ ಹಾಕೋದಾ? ಹೆತ್ತವಳು ನೋಡಿದರೆ ಎದೆ ಒಡೆದುಕೊಳ್ಳಲ್ವಾ? ಗಾಯ ಏನು, ನಾಳೆ ಮಾಯುತ್ತೆ. ಮುಖ ತಾನೇ ಮುಖ್ಯ? ಹೀಗಂತ ನನಗೆ ನಾನೇ ನ್ಯಾಯ ಹೇಳಿಕೊಂಡು ಪೆನ್ಸಿಲ್ ಚೂಪು ಮಾಡಿದೆ. ಯುದ್ಧ ಮಾಡಿದ ಕಲೆ ಅಂತ ಕಂಡದ್ದನ್ನೆಲ್ಲ ಒಂದೊಂದಾಗಿ ತೆಗೆದೆ. ಮಾಡಿದ ಕೆಲಸಕ್ಕೆ ನನಗೇ ಹೆಮ್ಮೆ. ಸಾಲದ್ದಕ್ಕೆ ಪ್ರತಿ ಮಗುವಿಗೂ ಅದರ ಫೋಟೋದ್ದೇ ಒಂದು ಸಣ್ಣ ಪ್ರತಿ ಕೊಟ್ಟೆ, "ನೋಡು, ನೀನು ಎಷ್ಟು ಚೆಂದ ಇದ್ದೀಯ" ಅಂತ.

ಅದರಲ್ಲಿ ಎಪ್ಪತ್ತಮೂರನೇ ನಂಬರು ಒಂದು ಹೆಣ್ಣುಮಗು. ಮೂರು ವರ್ಷ ಇರಬಹುದು. ಹೆಸರು ಕೇಳಿದರೆ "ಪಾಪು". ಅಮ್ಮನ ಹೆಸರು ಕೇಳಿದರೆ "ಅಮ್ಮ". ಡಾಕ್ಟರ ಚೀಟಿಯಲ್ಲೂ ಒಂದೇ ಸಾಲು, ಮುಖದ ಮೇಲೆ ಸುಟ್ಟ ಮತ್ತು ತರಚಿದ ಗಾಯ ಅಂತ.

ಇನ್ನು ಒಬ್ಬ ತಾಯಿ ಇದ್ದಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯೋ ಕೆಲಸ ಹಿಡಿದಿದ್ದಳು. ಸೋಡಾಪುಡಿಗೆ ಬೆರಳೆಲ್ಲ ಸುಕ್ಕುಗಟ್ಟಿ ಬೆಳ್ಳಗಾಗಿದ್ದವು. ಗುರುವಾರ ರಜೆ. ಪ್ರತಿ ಗುರುವಾರ ಬಂದು ಬೋರ್ಡಿನ ಮುಂದೆ ನಿಲ್ಲೋಳು, ಮೊದಲ ಸಾಲಿಂದ ಕೊನೆಯ ಸಾಲಿನವರೆಗೆ ಕಣ್ಣಲ್ಲಿ ಕಣ್ಣಿಟ್ಟು ನೋಡೋಳು, ಆಮೇಲೆ ನನ್ನ ಬೆಂಚಿನ ಮೇಲೆ ಬಂದು ಕುಸಿಯೋಳು. ನಾನು ಟೀ ಕೊಡೋದು, ಅವಳು ಅದನ್ನ ಕುಡಿಯದೆ ಆರಿಸೋದು. "ಹೊರಡೋ ಲಾರಿ ಅಕ್ಕಾ. ಮೇಲಿದ್ದವರು ಯಾರೋ ಕೈ ಚಾಚಿದರು. ಮಗೂನ ಕೊಟ್ಟೆ. ನಾನು ಹತ್ತೋಷ್ಟರಲ್ಲಿ ಲಾರಿ ಹೋಯ್ತು" ಅಂತ ಅದೊಂದನ್ನೇ ಹೇಳೋಳು. ಮಗಳ ಎಡಗೆನ್ನೆ ಮೇಲೆ ಹುಣಸೆಬೀಜದಷ್ಟು ಹುಟ್ಟುಮಚ್ಚೆ, ಅದೇ ಗುರುತು. ಮುದ್ದು ಕೊಡೋದಿದ್ದರೆ ಅಲ್ಲೇ ಕೊಡಬೇಕಂತೆ, ಬೇರೆ ಕಡೆ ಕೊಟ್ಟರೆ ಮಗು ಕೆನ್ನೆ ತಿರುಗಿಸಿ ತೋರಿಸೋದಂತೆ.

ಐದನೇ ಗುರುವಾರವೋ ಆರನೆಯದೋ, ನಾನೂ ಬೋರ್ಡಿನ ಹತ್ತಿರವೇ ಇದ್ದೆ. ಅವಳು ಎಪ್ಪತ್ತಮೂರರ ಮುಂದೆ ನಿಂತುಬಿಟ್ಟಳು.

"ಅಕ್ಕಾ, ಈ ಕಣ್ಣು ನನ್ನ ಮಗಳದ್ದೇ. ಈ ಕಿವಿ ನೋಡಿ, ಅವರಪ್ಪನ ಕಿವಿ" ಅಂದಳು. ಬೆರಳಿಂದ ಆ ಕೆನ್ನೆ ಸವರಿದಳು. "ಆದರೆ ಮಚ್ಚೆ ಇಲ್ಲ."

"ಈ ಮಗೂಗೆ ಮಚ್ಚೆ ಇಲ್ಲ ಕಣಮ್ಮ" ಅಂದೆ ನಾನು. "ಫೋಟೋ ತೆಗೆದವಳು ನಾನೇ."

ನನಗೆ ನೆನಪಿದ್ದದ್ದು ಸುಟ್ಟ ಗಾಯ, ಅಷ್ಟೇ. ದೇವರಾಣೆ ಅಷ್ಟೇ.

ಇನ್ನೊಬ್ಬಳಾಗಿದ್ದರೆ ಇದೇ ನನ್ನ ಮಗು ಅಂತ ರಂಪ ಮಾಡೋಳು. ಇವಳು ಕಣ್ಣು ಒರೆಸಿಕೊಂಡು, "ಬೇಡ ಅಕ್ಕಾ. ಇನ್ಯಾವ ತಾಯಿ ಇದಕ್ಕೋಸ್ಕರ ಅಲೀತಿದ್ದಾಳೋ. ನಾನು ಎತ್ತಿಕೊಂಡು ಹೋದರೆ ಅವಳು ಬಂದಾಗ ಬೋರ್ಡು ಖಾಲಿ ಇರುತ್ತೆ" ಅಂದಳು.

ಎಲ್ಲ ತಿಳಿದವಳ ಹಾಗೆ ನಾನೇ ದಾರಿ ತೋರಿಸಿದೆ. "ಗಡಿ ಆಚೆ ಕ್ಯಾಂಪಿನಲ್ಲಿ ಮಕ್ಕಳು ಬಹಳ ಇದ್ದಾರಂತೆ. ಅಲ್ಲಿ ಹೋಗಿ ನೋಡು. ಇಲ್ಲಿ ಕೂತು ಏನು ಮಾಡ್ತೀಯ?" ಸೋಮವಾರ ಹೋದಳು. ಅವಳು ಹೋಗಿ ಒಂದು ವಾರಕ್ಕೇ ಗಡಿಯ ಸೇತುವೆ ಮುಚ್ಚಿದರು. ಹೋದವರು ಬರೋ ಹಾಗಿಲ್ಲ, ಇದ್ದವರು ಹೋಗೋ ಹಾಗಿಲ್ಲ. ಬಿಳಿ ಗಾಡಿ ಮಾತ್ರ ಎರಡು ತಿಂಗಳಿಗೊಮ್ಮೆ ಔಷಧಿ, ಕಾಗದ ತಗೊಂಡು ದಾಟುತ್ತಿತ್ತು.

ಮಕ್ಕಳ ಮುಖ ಬೇಗ ಬದಲಾಗುತ್ತೆ, ಅದಕ್ಕೆ ಆರು ತಿಂಗಳಿಗೆ ಮತ್ತೆ ಫೋಟೋ ಆಗಬೇಕು. ಹಾಸ್ಟೆಲ್ಲಿಗೆ ಹೋದೆ. "ಫೋಟೋ ಅತ್ತೆ ಬಂದ್ರು!" ಅಂತ ಎಲ್ಲ ಮುತ್ತಿಕೊಂಡವು. ಎಪ್ಪತ್ತಮೂರು ಮಾತ್ರ ಕಿಟಕಿ ಹತ್ತಿರ ಗೋಡೆಗೆ ಮುಖ ಮಾಡಿ ಕೂತಿತ್ತು. ಬೆರಳಿಗೆ ಉಗುಳು ಹಚ್ಚಿಕೊಂಡು ಎಡಗೆನ್ನೆ ಉಜ್ಜುತ್ತಿತ್ತು. ಕೆನ್ನೆಯೆಲ್ಲ ಕೆಂಪಾಗಿ ಸಿಪ್ಪೆ ಎದ್ದಿತ್ತು. ಮಡಿಲಲ್ಲಿ ನಾನು ಕೊಟ್ಟ ಫೋಟೋ.

"ಯಾಕೆ ಪುಟ್ಟಿ ಹೀಗೆ ಉಜ್ಜಿಕೊಳ್ತೀಯ?"

"ಕೊಳೆ ಹೋಗ್ತಾ ಇಲ್ಲ" ಅಂತು. "ಫೋಟೋದಲ್ಲಿ ಹೋಗಿದೆ. ಇಲ್ಲಿ ಹೋಗ್ತಾ ಇಲ್ಲ."

ಕೈ ಸರಿಸಿ ನೋಡಿದೆ. ಸುಟ್ಟ ಗಾಯ ಯಾವತ್ತೋ ಮಾಯ್ದಿತ್ತು. ತರಚಿದ್ದೂ ಮಾಯ್ದಿತ್ತು. ಸಿಪ್ಪೆ ಎದ್ದ ಚರ್ಮದ ನಡುವೆ ಹುಣಸೆಬೀಜದಷ್ಟು ಮಚ್ಚೆ ಇತ್ತು. ಅಯ್ಯೋ ಪಾಪಿ, ಏನು ಮಾಡಿದೆ ನಾನು, ಅಂತ ಅಲ್ಲೇ ನೆಲಕ್ಕೆ ಕೂತೆ.

ಮೇಡಂ ಮುಂದೆ ಹೋಗಿ ಎಲ್ಲ ಒಪ್ಪಿಕೊಂಡೆ. ಗಿಳಿರಾಯ ಮಾತು ತಿರುಗಿಸೋಕೆ ಮೊದಲು, "ಅತ್ತೆ, ಇದನ್ನ ಹೇಳಲಾ?" ಅಂದ. "ಹೇಳು, ಒಂದಕ್ಷರ ಬಿಡಬೇಡ" ಅಂದೆ. ಆಯಮ್ಮ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗ್ತಿದ್ದೆ.

ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಅಷ್ಟೂ ನೆಗೆಟಿವ್ ಮೇಲಿನ ಪೆನ್ಸಿಲ್ ಒರೆಸಿ ತೆಗೆದೆ. ಎಲ್ಲ ಹೊಸದಾಗಿ ಪ್ರಿಂಟ್ ಹಾಕಿದೆ. ಅದರಿಂದ ಇಬ್ಬರು ಮಕ್ಕಳಿಗೆ ಮನೆಯವರು ಸಿಕ್ಕಿದರು. ಒಂದು ಹುಡುಗನ ಅಜ್ಜಿ ಹುಬ್ಬಿನ ಮೇಲಿನ ಕತ್ತರಿಸಿದ ಗುರುತು ನೋಡಿ ಕಂಡುಹಿಡಿದಳು. ನನ್ನ ಎರಡೂ ಕೈ ಹಿಡಿದು ತಣ್ಣಗಿರು ತಾಯಿ ಅಂದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎಪ್ಪತ್ತಮೂರರ ಕೆನ್ನೆ ಹುಣ್ಣಾಗಿತ್ತು, ಹೊಸ ಫೋಟೋ ತೆಗೆಯೋ ಹಾಗಿರಲಿಲ್ಲ. ಗಾಡಿ ಮಾರನೇ ದಿನವೇ ಹೊರಡಬೇಕು. ಅದಕ್ಕೆ ಹಳೇ ನೆಗೆಟಿವ್ ಒರೆಸಿ ಹಾಕಿದ ಪ್ರಿಂಟನ್ನೇ ಗಡಿ ಆಚೆ ಕ್ಯಾಂಪಿಗೆ, ಆ ತಾಯಿಗೆ ಕಳಿಸಿದೆವು. ಅದೇ ಫ್ರಾಕು, ಅದೇ ಕೆದರಿದ ಕೂದಲು. ಈಗ ಎಲ್ಲ ಗಾಯಗಳೂ ಇದ್ದವು, ಅವುಗಳ ನಡುವೆ ಮಚ್ಚೆಯೂ ಇತ್ತು. ತಪ್ಪು ನನ್ನದು ಅಂತ ಗಿಳಿರಾಯನ ಕೈಯಲ್ಲಿ ಎರಡು ಪುಟ ಬರೆಸಿದೆ. ತಾಯಿ ಒಪ್ಪಿ ರುಜು ಹಾಕಿದರೆ ಮಾತ್ರ ಮಗು ಗಡಿ ದಾಟೋದು, ಅದು ಅವರ ಕಾಯಿದೆ. ಯುದ್ಧದ ಹಾದಿಯಲ್ಲಿ ಕೂಸನ್ನ ಸುಮ್ಮನೆ ಕರೆದುಕೊಂಡು ಹೋಗೋಕಾಗುತ್ತಾ?

ಎರಡು ತಿಂಗಳು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಗಾಡಿ ಬಂದ ದಿನ ಗಿಳಿರಾಯ ಸ್ಟುಡಿಯೋಗೆ ಬಂದು ಬೆಂಚಿನ ಮೇಲೆ ಕೂತ. ಕಾಗದ ಬಿಚ್ಚಿ ಓದಿದ. ಕ್ಯಾಂಪಿನಲ್ಲಿ ಯಾರಿಂದಲೋ ಬರೆಸಿದ್ದಳು.

"ಅಕ್ಕಾ, ನಿಮ್ಮ ಒಳ್ಳೇ ಮನಸ್ಸು ನನಗೆ ಗೊತ್ತು. ನಾನು ಒಂಟಿ ಅಂತ ನಿಮಗೆ ಮರುಕ. ಆದರೆ ಈ ಫೋಟೋ ನಾನು ಬೋರ್ಡಿನ ಮೇಲೆ ನೋಡಿದ್ದೆ. ಆಗ ಮಚ್ಚೆ ಇರಲಿಲ್ಲ. ಇಲ್ಲ ಅಂತ ನೀವೇ ಹೇಳಿದ್ದಿರಿ. ಈಗ ಮಚ್ಚೆ ಇದೆ. ಅಳಿಸೋಕೆ ಬರೋ ಕೈಗೆ ಬರೆಯೋಕೂ ಬರುತ್ತೆ. ನನಗೆ ಸಮಾಧಾನ ಆಗಲಿ ಅಂತ ಇನ್ನೊಬ್ಬರ ಮಗುವಿಗೆ ನನ್ನ ಮಗಳ ಗುರುತು ಹಾಕಬೇಡಿ. ಅದರ ತಾಯಿ ಬರ್ತಾಳೆ. ಅವಳಿಗೋಸ್ಕರ ಅದನ್ನ ಅಲ್ಲೇ ಇಟ್ಟಿರಿ."

ಕೆಳಗೆ ಹೆಬ್ಬೆಟ್ಟು. ನಾನು ಅತ್ತುಬಿಟ್ಟೆ. ಮುಚ್ಚುಮರೆಯಿಲ್ಲದೆ, ಬೀದಿಯವರು ಬಾಗಿಲಲ್ಲಿ ನಿಂತು ನೋಡುವ ಹಾಗೆ ಅತ್ತೆ. ಅಪ್ಪನ ಪೆನ್ಸಿಲ್ ಡಬ್ಬಿಯನ್ನ ತಗೊಂಡು ಹೋಗಿ ಚರಂಡಿಗೆ ಸುರಿದೆ.

ಅಷ್ಟರಲ್ಲಿ ಕೆನ್ನೆ ವಾಸಿಯಾಗಿತ್ತು. ಮಗು ನಗೋ ಹಾಗೆ ಹೊಸ ಫೋಟೋ ತೆಗೆದು, ಮೇಡಂ ಕೈಯಲ್ಲೇ ಕಾಗದ ಬರೆಸಿ, ಮೊಹರು ಹಾಕಿಸಿ ಕಳಿಸಿದೆವು. ಲಕೋಟೆ ಬಿಚ್ಚದೆ ವಾಪಸು ಬಂತು. ಹೊಡೆದಾಟ ಹತ್ತಿರ ಬಂದು ಆ ಕ್ಯಾಂಪನ್ನೇ ಎಬ್ಬಿಸಿದ್ದರಂತೆ. ಜನ ಯಾವ ಯಾವ ದಿಕ್ಕಿಗೆ ಹೋದರೋ ಯಾರಿಗೂ ಗೊತ್ತಿಲ್ಲ. ಮೇಡಂ ಹದಿನೈದು ಕಡೆ ಬರೆದರು. ಎಲ್ಲಿಂದಲೂ ಉತ್ತರ ಇಲ್ಲ.

ನಾನೇ ಸಾಕ್ತೀನಿ ಅಂದೆ. ನಮ್ಮೂರೂ ಇನ್ನು ಸುರಕ್ಷಿತ ಅಲ್ಲ, ಉಳಿದ ಮಕ್ಕಳನ್ನೆಲ್ಲ ದೂರದ ದೇಶಕ್ಕೆ ಕಳಿಸಬೇಕು ಅಂದರು ಮೇಡಂ. ಜಗಳ ಆಡಿದೆ. ಅವರ ಮಾತು ಸರಿ ಅಂತ ಗೊತ್ತಿದ್ದೇ ಆಡಿದೆ.

ಹೊರಡೋ ದಿನ ಬೆಳಗ್ಗೆ ಪಾಪುಗೆ ನಾನೇ ತಲೆ ಬಾಚಿದೆ. ಹೊಸ ಫೋಟೋ ಕೈಗೆ ಕೊಟ್ಟು, "ಇದನ್ನ ಜೋಪಾನವಾಗಿ ಇಟ್ಟುಕೋ ಪುಟ್ಟಿ. ಈ ಮಚ್ಚೆ ನೋಡಿದರೆ ನಿಮ್ಮಮ್ಮ ಗುರುತು ಹಿಡೀತಾರೆ" ಅಂದೆ.

ಅದು ಎರಡೂ ಫೋಟೋ ಅಕ್ಕಪಕ್ಕ ಹಿಡಿದು ನೋಡಿತು. ಹೊಸದನ್ನ ವಾಪಸು ನನ್ನ ಕೈಗೇ ಇಟ್ಟಿತು.

"ಬೇಡ ಅತ್ತೆ, ಇದರಲ್ಲೇ ನಾನು ಚೆಂದ. ನೀವೇ ಹೇಳಿದ್ರಲ್ಲ" ಅಂದು ಹಳೇದನ್ನ ಜೇಬಿಗೆ ಹಾಕಿಕೊಂಡಿತು.

ಹೊಸ ಫೋಟೋವನ್ನ ಅದಕ್ಕೆ ಕಾಣದ ಹಾಗೆ ಚೀಲದ ತಳದಲ್ಲಿ ಸೇರಿಸಿದೆ. ಇನ್ನೊಂದು ಪ್ರತಿ ಇಪ್ಪತ್ತಾರು ವರ್ಷದಿಂದ ಈ ಅಂಗಡಿ ಗಾಜಿನಲ್ಲಿದೆ, ನೋಡಿ, ಅಲ್ಲಿ. ಪ್ರತಿ ಗುರುವಾರ ಅದರ ಧೂಳು ಒರೆಸ್ತೀನಿ.

ಗಾಡಿ ಹೊರಟಿತು. ಎಲ್ಲ ಮಕ್ಕಳೂ ಕಿಟಕಿಯಿಂದ ಟಾಟಾ ಮಾಡಿದವು. ಅದೂ ಮಾಡಿತು, ಬಲಗೈಯಲ್ಲಿ. ಗಾಡಿ ತಿರುವು ದಾಟೋವರೆಗೂ ಎಡಗೈಯನ್ನ ಮಾತ್ರ ಕೆನ್ನೆ ಮೇಲಿಂದ ತೆಗೆಯಲಿಲ್ಲ.