ಅಣ್ಣನ ಹೆಜ್ಜೆ

ಮರಳುಸೀಮೆಯ ಠಾಣೆಯಲ್ಲಿ ಪತ್ತೇದಾರನಾಗಲು ಓದು ಬೇಕಿಲ್ಲ, ಕಣ್ಣು ಬೇಕು. ದೊಡ್ಡಪ್ಪ ಫುಹೈದನಿಗೆ ಆ ಕಣ್ಣೇ ಮಂಜಾಗಿತ್ತು. ಆಯುಷ್ಯವಿಡೀ ಹೆಜ್ಜೆ ನೋಡಿ ಕಳ್ಳರನ್ನು ಹಿಡಿದುಕೊಟ್ಟ ಮುದುಕ ಈಗ ಕಾಫಿ ಬಟ್ಟಲಿಗೂ ತಡಕಾಡುತ್ತಿದ್ದ. ಹಾಗಾಗಿ ಆ ಜಾಗಕ್ಕೆ ಅವನ ತಮ್ಮನ ಮಗ ಮಬ್ಖೂತನ ಹೆಸರು ಬಂತು. ಇವನೋ ಹಗಲುಗನಸಿನ ಆಸಾಮಿ. ಈ ಪುಣ್ಯಾತ್ಮ ಕಳ್ಳನನ್ನು ಹಿಡಿದ ಹಾಗೇ ಎಂದು ಪೇದೆಗಳು ನಗುತ್ತಿದ್ದರು.

ಊರ ಸಾಹುಕಾರ ಘಾನಿಮನ ದೊಡ್ಡಿಯಿಂದ ಬಿಳಿ ಹೆಣ್ಣೊಂಟೆ ಮಾಯವಾಗಿತ್ತು. ಕಾವಲಿದ್ದ ಪಾಪದ ಕೂಲಿಯಾಳು ಮಿಸ್ಫರನನ್ನೇ ಲಾಕಪ್ಪಿಗೆ ತಳ್ಳಿದ್ದರು. ಸಂಜೆಯೊಳಗೆ ಬೇರೆ ಕಳ್ಳ ಸಿಗದಿದ್ದರೆ ಅವನು ಪಟ್ಟಣದ ಜೈಲಿಗೆ.

"ಗಾಳಿ ಏಳೋದ್ರೊಳಗೆ ಹೋಗು," ಅಂದ ಫುಹೈದ್. "ಗಾಳಿ ಎದ್ರೆ ನಿನ್ ಕಣ್ಣೂ ಒಂದೇ, ನನ್ ಕಣ್ಣೂ ಒಂದೇ."

ದೊಡ್ಡಿಯಾಚೆ ಒಂಟೆಯ ಹೆಜ್ಜೆಗಳ ಪಕ್ಕದಲ್ಲಿ ಬರಿಗಾಲಿನ ಗುರುತು ಕಂಡದ್ದೇ ಮಬ್ಖೂತ್ ನಿಂತಲ್ಲೇ ನಿಂತ. ಎಡಗಾಲು ತುಸು ಹೊರಕ್ಕೆ, ಭಾರವೆಲ್ಲ ಹೆಬ್ಬೆರಳ ಮೇಲೆ. ಚಿಕ್ಕಂದಿನಲ್ಲಿ ಅವ್ವ ಮಕ್ಕಳನ್ನು ಒಬ್ಬೊಬ್ಬರಾಗಿ ಮರಳಲ್ಲಿ ನಡೆಸಿ, ಯಾರದ್ದು ಹೇಳಿ ನೋಡೋಣ ಎಂದು ಆಡಿಸುತ್ತಿದ್ದಳು. ಅವನು ಮೊದಲು ಕಲಿತದ್ದು ಅಣ್ಣ ಶಾಫಿಯ ಹೆಜ್ಜೆ. ಇದೂ ಅದೇ. ಆದರೆ ಶಾಫಿ ಸತ್ತು ಎರಡು ಬೇಸಿಗೆ ಕಳೆದಿದ್ದವು.

ಬೇರೆಯವರಾದರೆ ಹೆದರಿ ಓಡುತ್ತಿದ್ದರು. ಇವನಿಗೆ ಹೇಳತೀರದ ಸಂತೋಷ. ಒಂಟೆ, ಮಿಸ್ಫರ್, ನೌಕರಿ ಎಲ್ಲ ಮರೆತೇಹೋಯಿತು. ಅಣ್ಣ ಮುಂದೆ ಹೋಗುತ್ತಿದ್ದಾನೆ, ಈ ದಿಬ್ಬದಾಚೆ ಕೂತು ಕಾಯುತ್ತಿರುತ್ತಾನೆ, ತಡ ಮಾಡಿದ್ದಕ್ಕೆ ಬೈಯುತ್ತಾನೆ. ಮಬ್ಖೂತ್ ಅಣ್ಣನೊಡನೆ ಮಾತಾಡುತ್ತಲೇ ದಿಬ್ಬ ಹತ್ತಿದ. ಕಸುಬಿನವನು ಮಾಡಬಾರದ ತಪ್ಪನ್ನು ಅವನು ಮಾಡಿದ್ದ. ಹೆಜ್ಜೆಯ ಅಳತೆ, ಆಳ ನೋಡಿರಲಿಲ್ಲ. ಅದರಲ್ಲಿ ಗಂಡಸಿನ ಭಾರ ಇರಲಿಲ್ಲ.

ದಿಬ್ಬದಾಚೆ ಒಂಟೆಗೆ ಒರಗಿ ಕೂತಿದ್ದವಳು ಶಾಫಿಯ ಮಗಳು ಹೆಸ್ಸಾ.

"ಇದು ಅಪ್ಪ ಸಾಕಿದ್ದು, ಚಿಕ್ಕಪ್ಪ. ಅವ್ವ ಘಾನಿಮನಿಗೆ ಮಾರ್ಬಿಟ್ಳು. ಅಪ್ಪನ ಥರ ಹಾಡಿದ್ರೆ ತಿರುಗಿ ನೋಡೋದು ಇದೊಂದೇ."

ಅವನಿಗೆ ಅಳು ಒತ್ತರಿಸಿ ಬಂತು. ಅಣ್ಣ ಇನ್ನೊಂದು ಸಲ ಸತ್ತ ಹಾಗಾಯಿತು.

"ಗಾಳಿ ಬರ್ತಿದೆ," ಹೆಸ್ಸಾ ಮೆಲ್ಲಗೆ ಅಂದಳು. "ಸ್ವಲ್ಪ ಹೊತ್ತು ಕೂತ್ಕೋ. ಎಲ್ಲಾ ಅಳಿಸಿ ಹೋಗುತ್ತೆ. ಏನೂ ಸಿಗ್ಲಿಲ್ಲ ಅಂದ್ರಾಯ್ತು."

ಅವನು ಕೂತೇಬಿಟ್ಟ. ದಿಬ್ಬದ ನೆತ್ತಿಯಲ್ಲಿ ಮರಳು ಆಗಲೇ ಹೊಗೆಯಾಡುತ್ತಿತ್ತು. ಒಂಟೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಹೀಗೇ ಇದ್ದುಬಿಡೋಣ ಎನಿಸಿತು.

"ಮಿಸ್ಫರನ್ನ ಒಳಗೆ ಹಾಕಿದಾರೆ," ಅಂದ ಕೊನೆಗೆ.

"ನಮ್ ಕುರಿ ಕಾಯ್ತಿದ್ದನಲ್ಲ, ಅವನ್ನಾ?"

"ಅವನ್ನೇ."

ಅವಳು ಒಂಟೆಯ ಕತ್ತು ಸವರಿದಳು. ಆಮೇಲೆ ಎದ್ದು ಹಗ್ಗ ಹಿಡಿದಳು.

"ನೀನು ಮುಂದೆ ನಡಿ," ಅಂದ ಮಬ್ಖೂತ್.

"ಓಡಿಹೋಗ್ತೀನಿ ಅಂತ ಅನುಮಾನನಾ?"

ಅವಳು ಪಾದ ಎತ್ತಿದಲ್ಲೆಲ್ಲ ಅಣ್ಣನ ಹೆಜ್ಜೆ ಮೂಡುತ್ತಿತ್ತು, ಗಾಳಿ ಅಳಿಸುತ್ತಿತ್ತು. ಅವನು ಒಂದನ್ನೂ ತುಳಿಯದೆ, ಒಂದನ್ನೂ ಬಿಡದೆ ನೋಡುತ್ತ ಹಿಂದೆಯೇ ನಡೆದ.

ಠಾಣೆಯ ಸಾಹೇಬ ಕೇಳಿದ, "ಯಾರ ಹೆಜ್ಜೆಯಪ್ಪಾ?"

ನಮ್ಮಣ್ಣಂದು ಎಂದು ನಾಲಿಗೆ ತುದಿಗೆ ಬಂದಿತ್ತು. ಮಬ್ಖೂತ್ ಅದನ್ನು ನುಂಗಿಕೊಂಡ.

"ನಮ್ಮನೆ ಹುಡುಗೀದು," ಅಂದ. "ಮಿಸ್ಫರನ್ನ ಬಿಡಿ."