ಒಂದೇ ಥರದ ಚಿತ್ರಗಳು

ಪ್ಯಾಕಿಂಗ್ ಕೋಣೆಯಿಂದ ಸುತ್ತಿಗೆಯ ಸದ್ದು ಎಡೆಬಿಡದೆ ಬರುತ್ತಿತ್ತು. ಮಣ್ಣಿನ ಕುದುರೆಗೆ ಮರದ ಪೆಟ್ಟಿಗೆ ಸಿದ್ಧವಾಗುತ್ತಿತ್ತು. ಅದನ್ನು ದೂರದ ಪ್ರದರ್ಶನಕ್ಕೆ ಒಯ್ಯುವ ಲಾರಿ ಆಗಲೇ ಹಿಂಬಾಗಿಲಿಗೆ ಬಂದು ನಿಂತಿತ್ತು.

"ಕಳಿಸಬೇಡಿ ಸರ್," ಎಂದಳು ಅಕ್ಕ ಮತ್ತೊಮ್ಮೆ. ಸಂಗ್ರಹಾಲಯದ ಮಣ್ಣಿನ ವಸ್ತುಗಳ ಆರೈಕೆ ಅವಳ ಹೊಣೆ. "ಕುತ್ತಿಗೆ ಬಿರುಕು ಬೆಳೀತಾ ಇದೆ. ಲಾರಿ ಕುಲುಕಾಟಕ್ಕೆ ತಲೆ ಕಳಚಿ ಕೈಗೆ ಬರುತ್ತೆ."

"ಬಿರುಕು ಮೊದಲಿಂದಲೂ ಇದೆಯಲ್ಲಮ್ಮ. ಬೆಳೀತಿದೆ ಅನ್ನೋದಕ್ಕೆ ಏನು ಸಾಕ್ಷಿ?" ಎಂದರು ನಿರ್ದೇಶಕರು.

"ಪ್ರತಿ ವರ್ಷ ಫೋಟೋ ತೆಗೆದಿದೀನಿ. ಎಲ್ಲಾ ಇವಳ ಸಿಸ್ಟಮ್‌ನಲ್ಲಿದೆ. ತೋರಿಸೇ ಪುಟ್ಟಿ."

ಮನೆಯಲ್ಲಿ ಪುಟ್ಟಿಯಾದ ತಂಗಿ ಇಲ್ಲಿ ಎಲ್ಲರಿಗೂ ಸಿಸ್ಟಮ್ ಮೇಡಂ. ಒಂದೊಂದು ವಿಭಾಗವೂ ತನಗೆ ತೋಚಿದಂತೆ ಡಿಸ್ಕುಗಳಲ್ಲಿ ತುಂಬಿಕೊಂಡಿದ್ದ ಫೋಟೋ, ಎಕ್ಸ್-ರೇ, ಧ್ವನಿಮುದ್ರಣಗಳನ್ನೆಲ್ಲ ಒಂದೇ ಸೂರಿನಡಿ ತಂದು, ವಸ್ತುವಿನ ಹೆಸರು ಟೈಪ್ ಮಾಡಿದರೆ ಅದರ ಇಡೀ ಜಾತಕ ಪರದೆಯ ಮೇಲೆ ಬರುವಂತೆ ಮಾಡಿದ್ದಳು. ಈಗ ಕುದುರೆಯ ಹೆಸರು ಟೈಪ್ ಮಾಡಿದಳು. ಕುತ್ತಿಗೆಯ ಚಿತ್ರ ಬಂತು. ಒಂದೇ ಒಂದು.

"ಉಳಿದದ್ದೆಲ್ಲಿ?" ಅಕ್ಕನ ದನಿ ಸಣ್ಣಗಾಯಿತು.

ತಂಗಿಗೆ ಎಲ್ಲವೂ ಅರ್ಥವಾಗಿತ್ತು. ಹಳೆಯ ಡಿಸ್ಕುಗಳಲ್ಲಿ ಒಂದೇ ಮಡಕೆಯ ಒಂದೇ ಫೋಟೋ ಹತ್ತಾರು ಕಡೆ ಬಿದ್ದಿರುತ್ತಿತ್ತು. ಹಾಗಾಗಿ, ಚಿತ್ರಗಳು ಹೆಚ್ಚುಕಡಿಮೆ ಒಂದೇ ಎನಿಸಿದರೆ ಸ್ಪಷ್ಟವಾದುದನ್ನು ಇಟ್ಟುಕೊಂಡು ಮಿಕ್ಕವನ್ನು ಬಿಡು ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟಿದ್ದಳು. "ಒಂದೇ ಥರದ ಫೋಟೋ ಇದ್ರೆ ಒಂದು ಸಾಕಲ್ವಾ?" ಎಂದು ಎಲ್ಲ ವಿಭಾಗಗಳನ್ನೂ ಕೇಳಿದ್ದಳು. ಧಾರಾಳವಾಗಿ ಸಾಕು ಎಂದವರಲ್ಲಿ ಅಕ್ಕನೂ ಒಬ್ಬಳು.

ಆದರೆ ಅಕ್ಕ ಕ್ಯಾಮೆರಾದ ಸ್ಟ್ಯಾಂಡನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದವಳು. ವರ್ಷ ಉರುಳಿದರೂ ಅದೇ ದೂರ, ಅದೇ ಕೋನ, ಅದೇ ಬೆಳಕು. ಬದಲಾಗುತ್ತಿದ್ದದ್ದು ಬಿರುಕಿನ ತುದಿ ಮಾತ್ರ.

"ನೀನು ಅಷ್ಟು ಅಚ್ಚುಕಟ್ಟಾಗಿ ತೆಗೆದದ್ದೇ ತಪ್ಪಾಯ್ತು ಕಣೇ ಅಕ್ಕ. ಕಾಪಿ ಅಂದ್ಕೊಂಡಿದೆ."

"ಓಹೋ! ನಾನು ತೆಗೆದದ್ದು ತಪ್ಪು, ನೀನು ಬಿಸಾಕಿದ್ದು ಸರಿ!"

"ಹಳೇ ಡಿಸ್ಕಲ್ಲಿ ಇರುತ್ತೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಆ ಡಿಸ್ಕುಗಳನ್ನು ಅಳಿಸಲು ಬೆಳಗ್ಗೆ ತಾನೇ ಕೆಳಗೆ ಕಳಿಸಿದ್ದಳು.

ಕೆಳಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ.

"ಪೆಟ್ಟಿಗೆ ಮುಚ್ಚೋದ್ರೊಳಗೆ ತೋರಿಸಿ. ಆಮೇಲೆ ನನ್ನ ಕೈಲಿಲ್ಲ," ಎಂದರು ನಿರ್ದೇಶಕರು.

ಅವಳು ಚಪ್ಪಲಿ ಬಿಟ್ಟು ಮೆಟ್ಟಿಲಿಳಿದು ಓಡಿದಳು. ಯಂತ್ರಗಳ ಕೋಣೆಯಲ್ಲಿ ಫ್ಯಾನುಗಳ ಮೊರೆತ ಕಿವಿಗಡಚಿಕ್ಕುತ್ತಿತ್ತು. ದಪ್ಪ ಕನ್ನಡಕದಿಂದ ಸೋಡಾಬುಡ್ಡಿ ಎಂದೇ ಹೆಸರಾದ ಆಪರೇಟರ್ ಕಿವಿಗೆ ಹತ್ತಿ ತುರುಕಿಕೊಂಡು ಕುಳಿತಿದ್ದ.

"ಅಳಿಸೋದು ನಿಲ್ಸಿ!"

ಅವನು ಹತ್ತಿ ತೆಗೆದ. "ಬೇಗ ಬೇಗ ಅಂತ ಪ್ರಾಣ ತಿಂದೋರು ನೀವೇ ಅಲ್ವಾ ಮೇಡಂ? ಮರದ ವಿಭಾಗದ್ದು ಮುಗೀತು. ಈಗ ಮಣ್ಣಿಂದು ನಡೀತಿ..."

ಅವಳು ವೈರನ್ನೇ ಕಿತ್ತಳು.

ಡಿಸ್ಕಿನಲ್ಲಿ ಬಾಲದಷ್ಟು ಉಳಿದಿತ್ತು. ಹುಡುಕಿದಳು. ಕುತ್ತಿಗೆಯ ಚಿತ್ರಗಳಲ್ಲಿ ಕೊನೆಯ ಎರಡು ವರ್ಷದವು ಮಾತ್ರ ಸಿಕ್ಕವು. ಮೇಲೆ ತಂದು ಅಕ್ಕಪಕ್ಕ ಇಟ್ಟಳು. ನಿರ್ದೇಶಕರು ಇದನ್ನೂ ನೋಡಿದರು, ಅದನ್ನೂ ನೋಡಿದರು.

"ಎರಡೂ ಒಂದೇ ಅಲ್ವೇನಮ್ಮ? ನಿಮ್ಮ ಸಿಸ್ಟಮ್ ಹೇಳಿದ್ದೇ ಸರಿ ಬಿಡಿ."

ಆಚೆ ಸುತ್ತಿಗೆಯ ಸದ್ದು ನಿಂತಿತು. "ಮುಚ್ಚಳ ತಗೊಂಬಾರೋ!" ಎಂದು ಯಾರೋ ಕೂಗಿದರು. ಅಕ್ಕ ತುಟಿ ಕಚ್ಚಿಕೊಂಡಳು.

ತಂಗಿ ಒಂದು ಚಿತ್ರವನ್ನು ಇನ್ನೊಂದರ ಮೇಲೆ ಕೂರಿಸಿದಳು. ಗುಂಡಿ ಒತ್ತಿದಳು: ಒಮ್ಮೆ ಇದು, ಒಮ್ಮೆ ಅದು. ಬೆರಳು ವೇಗವಾಯಿತು. ಪರದೆಯಲ್ಲಿ ಕುದುರೆ ಅಲ್ಲಾಡಲಿಲ್ಲ. ಕಿವಿ, ಕೇಸರ, ನೆರಳು ಯಾವುದೂ ಕದಲಲಿಲ್ಲ. ಅಷ್ಟೆಲ್ಲ ಸ್ತಬ್ಧವಾಗಿದ್ದುದರ ನಡುವೆ ಬಿರುಕಿನ ಒಂದೇ ಒಂದು ಚೂರು, ಕಿವಿಯ ಬುಡದಲ್ಲಿ, ಹಾವಿನ ನಾಲಿಗೆಯಂತೆ ಹೊರಬಂದು ಒಳಹೋಗುತ್ತಿತ್ತು.

ನಿರ್ದೇಶಕರು ಪರದೆಗೆ ಮುಖ ತಂದರು.

"ಸಾಕು, ನಿಲ್ಸಿ," ಎಂದು ಎದ್ದು ಬಾಗಿಲಿಗೆ ಹೋಗಿ ಕೂಗಿದರು, "ಲಾರಿ ವಾಪಸ್ ಕಳಿಸ್ರಪ್ಪಾ!"

ಅಕ್ಕ ಕುರ್ಚಿಯಲ್ಲಿ ಕುಸಿದು ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. "ಪುಟ್ಟಿ, ಬೇರೆಯವರದ್ದು?"

"ಮರದ ವಿಭಾಗದ್ದು ಹೋಯ್ತು ಅಕ್ಕ. ಅವರೂ ನಿನ್ನ ಹಾಗೇ ಸ್ಟ್ಯಾಂಡ್ ಹಾಕಿದ್ರೆ, ಒಂದೊಂದು ಬಿಟ್ಟು ಏನೂ ಉಳಿದಿಲ್ಲ."

"ದೊಡ್ಡಪ್ಪನಿಗೆ ಯಾರು ಹೇಳ್ತಾರೆ?" ಮರದ ವಿಭಾಗದ ಹಿರಿಯರನ್ನು ಸಂಗ್ರಹಾಲಯವೆಲ್ಲ ಹಾಗೇ ಕರೆಯುತ್ತಿತ್ತು. "ನಾನೂ ಬರ್ಲಾ?"

"ಬೇಡ. ನೀನಿದ್ರೆ ಅವರು ನನ್ನ ಬಯ್ಯಲ್ಲ."

ಓಣಿಯ ಕೊನೆಯ ಕೋಣೆಯಲ್ಲಿ ದೊಡ್ಡಪ್ಪ ಯಾವುದೋ ಬಾಗಿಲವಾಡದ ಧೂಳನ್ನು ಬ್ರಷ್ಷಿನಿಂದ ಜಾಡಿಸುತ್ತ ಸಣ್ಣಗೆ ಹಾಡಿಕೊಳ್ಳುತ್ತಿದ್ದರು. ಅವರು ತಲೆಯೆತ್ತುವವರೆಗೆ ಅವಳು ಬರಿಗಾಲಲ್ಲಿ ಹೊಸ್ತಿಲ ಮೇಲೇ ನಿಂತಳು.